ವಿಷಯದ ಸಾಲಿನಲ್ಲಿ ಬೀರಪ್ಪ

ಹೋದ ವಾರ ಕಿರಾಣಿ ಸಾಮಾನು ತರಲು ಹೋಗಿದ್ದೆ. ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಆ ಅಂಗಡಿ ನನಗೆ ಇಪ್ಪತ್ತು ವರ್ಷದ ಪರಿಚಯ. ಅಂಗಡಿಯ ಶರಣಪ್ಪ ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದ. ಆಮೇಲೆ ಮತ್ತೆ ಮೇಲಕ್ಕೆ ಹೋದ. ಅವನ ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ.

"ಮಾಳಪ್ಪಣ್ಣಾರ, ಮೊದಲನೇದು ಎಷ್ಟ್ ಕಿಲೋ ಕಟ್ಟಲಿ?" ಎಂದು ಕೇಳಿದ.

ಚೀಟಿಯ ಮೊದಲನೇ ಸಾಲಿನಲ್ಲಿ ‘ಶ್ರೀ ಬೀರಲಿಂಗೇಶ್ವರ ಪ್ರಸನ್ನ’ ಎಂದಿತ್ತು. ತೊಗರಿಬೇಳೆ ಎರಡನೇ ಸಾಲಿನಲ್ಲಿತ್ತು. ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಶರಣಪ್ಪ ಈ ಪ್ರಶ್ನೆಯನ್ನು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕೇಳುತ್ತಾನೆ. ಪ್ರತಿ ಸಲವೂ ಹೊಸದಾಗಿ ಹೊಳೆದಂತೆ ಕೇಳುವುದು ಅವನ ಹೆಚ್ಚುಗಾರಿಕೆ.

ಇದು ನನ್ನ ಕೈಯ ಚಾಳಿ. ಖಾಲಿ ಹಾಳೆ ಕಂಡರೆ ಸಾಕು, ನೆತ್ತಿಯ ಮೇಲೆ ನಮ್ಮೂರ ದೇವರು ಬೀರಪ್ಪನ ಹೆಸರು ಬಿದ್ದ ಮೇಲೆಯೇ ಉಳಿದ ಮಾತು. ಲೈಟ್ ಬಿಲ್ಲಿನ ಹಿಂದೆ ಯಾರದೋ ಫೋನ್ ನಂಬರು ಗೀಚಿಕೊಳ್ಳಬೇಕಾದರೂ ಮೊದಲು ಬೀರಪ್ಪ, ಆಮೇಲೆ ನಂಬರು. ಅಷ್ಟರಲ್ಲಿ ಆ ಕಡೆಯವರು ಅರ್ಧ ನಂಬರು ಹೇಳಿ ಮುಗಿಸಿರುತ್ತಾರೆ, ಮತ್ತೊಮ್ಮೆ ಹೇಳಿಸಿಕೊಳ್ಳುತ್ತೇನೆ. ಭಕ್ತಿ ಉಕ್ಕಿ ಹೀಗೆ ಮಾಡುತ್ತೇನೆಂದು ನೀವು ತಿಳಿದರೆ ಅದು ನಿಮ್ಮ ದೊಡ್ಡ ಮನಸ್ಸು. ನನ್ನ ಹೆಂಡತಿಯಂತೂ ಹಾಗೆ ತಿಳಿದಿಲ್ಲ.

ನಮ್ಮೂರು ಕಮತಗಿ. ಅಪ್ಪ ಕುರಿ ಸಾಕಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಬರೆಯಲು ಬರುತ್ತಿದ್ದುದು ಒಂದೇ ಒಂದು ಸಾಲು. ಊರ ಗುಡಿಯ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದ ‘ಶ್ರೀ ಬೀರಲಿಂಗೇಶ್ವರ ಪ್ರಸನ್ನ’ ಎಂಬುದನ್ನು ನೋಡಿ ನೋಡಿ, ಕುರಿ ಕಾಯುವ ಕೋಲಿನಿಂದ ಮಣ್ಣಿನಲ್ಲಿ ತಿದ್ದಿ ತಿದ್ದಿ ಕಲಿತದ್ದು. ಗುಡಿಯಲ್ಲಿ ಬಣ್ಣದವನು ಕೊನೆಯ ಅಕ್ಷರಕ್ಕೆ ಒಂದು ಹೂವಿನ ಬಳ್ಳಿ ಎಳೆದಿದ್ದ. ಅದೂ ಅಕ್ಷರದ ಭಾಗವೇ ಇರಬೇಕೆಂದು ಅಪ್ಪ ಬಳ್ಳಿಯನ್ನೂ ಕಲಿತುಬಿಟ್ಟಿದ್ದರು.

ನಮ್ಮ ಕಾಕಾ ವರ್ಷದ ಹೆಚ್ಚಿನ ದಿನ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಆಚೆ ಇರುತ್ತಿದ್ದ. ದಾರಿಯ ಮೇಲಿನ ಒಂದು ಚಹದಂಗಡಿಯ ವಿಳಾಸಕ್ಕೆ ಅವನಿಗೆ ಪತ್ರ ಹೋಗಬೇಕು. ಅಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಹಿಡಿದು, ತಮ್ಮ ಒಂದು ಸಾಲನ್ನು ಬಳ್ಳಿಯ ಸಮೇತ ಬರೆದು ಮುಗಿಸುತ್ತಿದ್ದರು. ಆಮೇಲೆ ಹಾಳೆಯನ್ನು ನನ್ನ ಕಡೆಗೆ ಚಾಚಿ, "ಹೂಂ, ಉಳಿದದ್ದ ನೀ ಬರಿ" ಎನ್ನುತ್ತಿದ್ದರು. ನಾನು ಆಗ ಶಾಲೆಯಲ್ಲಿ ಮೂರನೇ ಇಯತ್ತೆ. ಮನೆಯವರೆಲ್ಲ ಆರಾಮ, ನೆರೆಯವರು ಆರಾಮ, ನಾಯಿಯ ಕಾಲು ಈಗ ಆರಾಮ ಎಂದೆಲ್ಲ ಬರೆದು, ಹಾಳೆ ಮುಗಿಯುವ ಹೊತ್ತಿಗೆ ಅಂಚಿನಲ್ಲಿ ಅಡ್ಡಡ್ಡ ‘ಅಜ್ಜಿಗೆ ಜ್ವರ ಬಿಟ್ಟಿಲ್ಲ, ಬೇಗ ಬಾ’ ಎಂಬ ನಿಜವಾದ ಸುದ್ದಿಯನ್ನು ತುರುಕುತ್ತಿದ್ದೆ. ಒಮ್ಮೆ ಕಾಕಾನಿಗೆ ಪತ್ರ ಓದಿ ಹೇಳುವ ಚಹದಂಗಡಿಯವ ಓದುತ್ತ ಓದುತ್ತ ಬೇಸತ್ತು ನಾಯಿಯ ಕಾಲಿನ ತನಕ ಓದಿ ಬಿಟ್ಟನಂತೆ. ಕಾಕಾ ಬಂದದ್ದು ಹದಿನೈದು ದಿನ ತಡವಾಗಿ. ಪುಣ್ಯಕ್ಕೆ ಅಷ್ಟರಲ್ಲಿ ಅಜ್ಜಿಯ ಜ್ವರ ಬಿಟ್ಟಿತ್ತು.

ಈ ಬರವಣಿಗೆಗೆ ಲಗಾಮು ಹಾಕಲು ಪ್ರಯತ್ನಿಸಿದವರು ನಮ್ಮ ಹೈಸ್ಕೂಲಿನ ಜೋಶಿ ಮಾಸ್ತರರು. ಕನ್ನಡ ಕಲಿಸುತ್ತಿದ್ದರು. ಬಿಳಿ ಧೋತರ, ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ಅವರಿಗೆ, ಕೆಂಪಿನದು ನಮಗೆ. ಎಡಕ್ಕೆ ಯಾರಿಂದ, ಕೆಳಗೆ ಯಾರಿಗೆ, ನಡುವೆ ವಿಷಯ ಎಂದು ಪತ್ರ ಬರೆಯುವ ಕ್ರಮವನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದವರು ಅವರು. ಒಂದು ಸಲ ನಾನು ಹೊಟ್ಟೆನೋವೆಂದು ರಜಾ ಚೀಟಿ ಬರೆದೆ. ಎರಡು ಪುಟ. ನೋವು ಶುರುವಾದ ಬಗೆ, ಅವ್ವ ಕೊಟ್ಟ ಕಷಾಯ, ಅದು ಫಲಿಸದ ಬಗೆ ಎಲ್ಲವೂ ಇತ್ತು. ಮರುದಿನ ಮಾಸ್ತರರು ನನ್ನನ್ನು ಮೇಜಿನ ಬಳಿ ಕರೆದರು.

"ಮಾಳ್ಯಾ, ನಿನಗ ಏನ್ ಬೇಕಾಗ್ಯದ ಅನ್ನೋದು ಈ ಎರಡು ಪಾನಿನೊಳಗ ಎಲ್ಲೆ ಅದ, ಬೊಟ್ಟು ಇಟ್ಟು ತೋರಸು."

ನಾನು ಎರಡನೇ ಪುಟದ ತಳದಲ್ಲಿ ಬೊಟ್ಟು ಇಟ್ಟೆ. ಅವರು ನನ್ನ ಅಂಗಿಯ ತೋಳಿನಿಂದ ಒಂದು ಎಳೆ ಉಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದು ತೆಗೆದರು.

"ಹೊಟ್ಟಿ ನೋವಿಗೆ ತೋಳಿನ ಮ್ಯಾಲೆ ಉಣ್ಣಿ ಬೆಳೀತದೇನು? ಕುರಿ ಉಣ್ಣಿ ಕತ್ತರಸೋದಿತ್ತು, ಹೌದಲ್ಲೋ? ಖರೆ ಕಾರಣ ಬರದಿದ್ರ ಒಂದ ಸಾಲಿನೊಳಗ ಮುಗೀತಿತ್ತು."

ಕೆಂಪು ಪೆನ್ನಿನಿಂದ ಎರಡೂ ಪುಟಕ್ಕೆ ಅಡ್ಡಗೆರೆ ಎಳೆದರು. ಮೇಲಿನ ಬೀರಪ್ಪನ ಸಾಲನ್ನು ಮಾತ್ರ ಮುಟ್ಟಲಿಲ್ಲ. "ಅದು ಇರಲಿ. ಅದರ ಕೆಳಗ ಸುಳ್ಳು ಬರೀಬ್ಯಾಡ" ಎಂದರು. ಮಾಸ್ತರರು ಕಲಿಸಿದ ಕ್ರಮ ನನ್ನ ತಲೆಯಲ್ಲಿ ಚೆನ್ನಾಗಿ ನಿಂತಿತು. ಚಿಕ್ಕದಾಗಿ ಬರೆಯುವ ಪಾಠ ನಿಲ್ಲಲು ಇನ್ನೂ ಮೂವತ್ತು ಚಿಲ್ಲರೆ ವರ್ಷ ಬೇಕಾಯಿತು.

ನಾನು ಕೆಲಸ ಮಾಡುವುದು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ. ಅಲ್ಲಿ ಸೂರ್ಯ ಹುಟ್ಟಿದಾಗಿನಿಂದ ಕಲ್ಲು ಕೊಯ್ಯುವ ಸದ್ದು. ಟೇಬಲ್ಲು, ಕುರ್ಚಿ, ಮಧ್ಯಾಹ್ನದ ರೊಟ್ಟಿ ಎಲ್ಲದರ ಮೇಲೂ ಬಿಳಿ ದೂಳು. ನನ್ನದು ಆಫೀಸಿನ ಕೆಲಸ. ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡ ಆಫೀಸಿದೆ. ಅಲ್ಲಿಗೆ ಹೋಗುವ ಪತ್ರಗಳನ್ನು ನಾನು ಮೊದಲಿನಿಂದಲೂ ಕೈಯಲ್ಲೇ ಬರೆದುಕೊಡುತ್ತಿದ್ದೆ, ಸವಿತಾ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಹೊಡೆದು ಕಳಿಸುತ್ತಿದ್ದಳು. ಅವಳಿಗೆ ಬಾದಾಮಿಯ ಕಡೆ ಗಂಡು ಗೊತ್ತಾಗಿ ಕೆಲಸ ಬಿಟ್ಟಳು. ಹೊಸಬರು ಬರುವ ತನಕ ಮೇಲ್ ಕಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಹೊಸಬರು ಇವತ್ತಿಗೂ ಬಂದಿಲ್ಲ.

ಹೋಗುವ ದಿನ ಸವಿತಾ ಒಂದು ತಾಸು ಕೂತು ನನಗೆ ಕಲಿಸಿದಳು. ಅವಳ ಗಮನವೆಲ್ಲ ಮದುವೆಯ ಮೇಲೆ, ನನ್ನ ಗಮನವೆಲ್ಲ ಇಲಿಯ ಮೇಲೆ. ಆ ಮೌಸ್ ಎಂಬುದು ನಾನು ಹೇಳಿದ ಕಡೆ ನಿಲ್ಲುತ್ತಿರಲಿಲ್ಲ. ಮರುದಿನ ಒಬ್ಬನೇ ಕೂತು ಮೊದಲ ಮೇಲ್ ಬರೆಯಲು ಹೊರಟಾಗ ಒಂದು ಪೇಚು ಎದುರಾಯಿತು. ಕಾಗದದ ಮೇಲಾದರೆ ನೆತ್ತಿಯಲ್ಲಿ ಜಾಗ ಇರುತ್ತದೆ. ಇಲ್ಲಿ ನೆತ್ತಿಯೇ ಇಲ್ಲ. ಎಲ್ಲಕ್ಕಿಂತ ಮೇಲಿದ್ದ ಖಾನೆಯಲ್ಲಿ ‘ಶ್ರೀ ಬೀರಲಿಂಗೇಶ್ವರ ಪ್ರಸನ್ನ’ ಎಂದು ಬರೆದೆ. ಇಂಥ ವಿಳಾಸ ಇಲ್ಲ ಎಂದು ಕಂಪ್ಯೂಟರು ಕೆಂಪಗೆ ಬರೆದು ತೋರಿಸಿತು. ಕಮತಗಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಇರಲಿ ಎಂದು ಅಲ್ಲಿಂದ ತೆಗೆದು, ಅದರ ಕೆಳಗೆ ಖಾಲಿ ಇದ್ದ ಉದ್ದನೆಯ ಸಾಲಿನಲ್ಲಿ ಬರೆದೆ. ಅದು ವಿಷಯ ಬರೆಯುವ ಸಾಲು. ಕಂಪ್ಯೂಟರು ಏನೂ ತಕರಾರು ಮಾಡಲಿಲ್ಲ. ವಿಷಯವನ್ನು ಜೋಶಿ ಮಾಸ್ತರರು ಕಲಿಸಿದಂತೆ ಒಳಗೆ ಪತ್ರದ ನಡುವೆ ಬರೆದೆ. ಒಳಗೆ ಎಲ್ಲವೂ ಕ್ರಮಬದ್ಧವಾಗಿತ್ತು, ಬೇಕಾದರೆ ಈಗಲೂ ತೆಗೆದು ತೋರಿಸುತ್ತೇನೆ.

ಹೀಗೆ ಮೂರು ತಿಂಗಳು ದಿನಕ್ಕೊಂದರಂತೆ ಮೇಲ್ ಕಳಿಸಿದೆ. ಇಂದು ಎಷ್ಟು ಕಲ್ಲು ಪಾಲಿಶ್ ಆಯಿತು, ಯಾವ ಮಷಿನ್ನು ಕೆಟ್ಟಿದೆ, ಯಾರು ರಜೆ. ಯಾರೂ ಏನೂ ಅನ್ನಲಿಲ್ಲ. ಅನ್ನದಿರಲು ಕಾರಣವಿತ್ತು. ನಮ್ಮ ಕಡೆ ಮೇಲ್ ಕಳಿಸಿದ ಮೇಲೆ ಫೋನ್ ಮಾಡಿ "ಮೇಲ್ ಕಳಸೇವ್ರಿ" ಎಂದು ಹೇಳುವುದು ರೂಢಿ. ಅಷ್ಟು ಹೇಳಿ ಫೋನ್ ಇಟ್ಟರೆ ಒರಟುತನ ಎನಿಸುತ್ತದೆ, ಆದ್ದರಿಂದ ಮೇಲಿನಲ್ಲಿ ಇದ್ದುದನ್ನೆಲ್ಲ ಫೋನಿನಲ್ಲೂ ಹೇಳಿಬಿಡುತ್ತೇವೆ. ಆಮೇಲೆ ಯಾರು ಯಾಕೆ ಮೇಲ್ ತೆರೆದು ನೋಡಬೇಕು, ನೀವೇ ಹೇಳಿ. ನಾನು ಮಾತ್ರ ನನ್ನ ಪತ್ರಗಳು ಹುಬ್ಬಳ್ಳಿಯಲ್ಲಿ ಓದಿಸಿಕೊಳ್ಳುತ್ತಿವೆ ಎಂಬ ಸಂತೋಷದಲ್ಲಿದ್ದೆ.

ಇಷ್ಟರಲ್ಲಿ ಮಹಾದೇವಿಯ ಕೆಲಸ ಬಂತು.

ಮಹಾದೇವಿ ನಮ್ಮಲ್ಲಿ ಕಲ್ಲು ತಪಾಸಣೆ ಮಾಡುವಾಕೆ. ಪಾಲಿಶ್ ಆದ ಕಲ್ಲಿನ ಮೇಲೆ ನೀರು ಸುರಿದು ಆರುವುದನ್ನೇ ನೋಡುತ್ತ ನಿಲ್ಲುತ್ತಾಳೆ. ಬಿರುಕು ಇದ್ದ ಕಡೆ ನೀರು ತಡವಾಗಿ ಆರುತ್ತದೆ, ಕೂದಲೆಳೆಯಷ್ಟು ಗೆರೆ ಉಳಿಯುತ್ತದೆ. ಅನುಮಾನ ಬಂದರೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾಳೆ. ಹನ್ನೊಂದು ವರ್ಷದಲ್ಲಿ ಅವಳ ಕಣ್ಣು ಕಿವಿ ತಪ್ಪಿಸಿ ಹೋದ ಕಲ್ಲು ಕಡಿಮೆ. ಅವಳ ಮಗಳು ಭೂಮಿಕಾಗೆ ನಾಲ್ಕು ವರ್ಷ. ಆ ಕೂಸಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಪತ್ತೆ ಮಾಡಿದವಳೂ ಅವಳೇ. ಅಡುಗೆ ಮನೆಯಲ್ಲಿ ತಾಟು ಕೈಜಾರಿ ಬಿದ್ದಾಗ ಪಕ್ಕದಲ್ಲೇ ಆಡುತ್ತಿದ್ದ ಮಗು ತಿರುಗಿ ನೋಡಲಿಲ್ಲವಂತೆ. ಬೇಕೆಂದೇ ಮತ್ತೊಮ್ಮೆ ತಾಟು ಬೀಳಿಸಿ ನೋಡಿದಳಂತೆ.

ಕೂಸಿಗೆ ಕಿವಿಯ ಯಂತ್ರ ಹಾಕಿಸಿಯಾಗಿತ್ತು. ಆದರೆ ಕೇಳಿದ್ದನ್ನು ಮಾತಾಗಿ ಕಲಿಸಬೇಕಲ್ಲ, ಆ ತರಬೇತಿ ಇದ್ದುದು ಬಾಗಲಕೋಟೆಯಲ್ಲಿ. ವಾರಕ್ಕೆ ಮೂರು ದಿನ ಕರೆತರಬೇಕು, ಈ ವಯಸ್ಸು ದಾಟಿದರೆ ಮಾತು ಕಷ್ಟ ಎಂದು ಅಲ್ಲಿನ ಟೀಚರು ಕಡ್ಡಿ ಮುರಿದಂತೆ ಹೇಳಿದ್ದರು. ಮಹಾದೇವಿಗೆ ಸಾಧ್ಯವಾಗುತ್ತಿದ್ದುದು ವಾರದ ರಜೆಯ ಒಂದೇ ದಿನ. ಹುನಗುಂದ, ಅಮೀನಗಡ, ಕಮತಗಿ ದಾಟಿ ಬಸ್ಸು ಬಾಗಲಕೋಟೆ ಮುಟ್ಟುವ ಹೊತ್ತಿಗೆ ಮಗು ನಿದ್ದೆಹೋಗಿರುತ್ತಿತ್ತು. ಎಬ್ಬಿಸಿ ಕೂರಿಸಿದರೆ ಅರ್ಧ ತರಗತಿ ಅಳುವಿನಲ್ಲೇ ಮುಗಿಯುತ್ತಿತ್ತು.

ಆ ಹೊತ್ತಿಗೆ ನಮ್ಮ ಕಂಪನಿ ಬಾಗಲಕೋಟೆಯ ನವನಗರದಲ್ಲಿ ಒಂದು ಯಾರ್ಡು ತೆರೆಯಿತು. ಅಲ್ಲಿಗೆ ಒಬ್ಬ ತಪಾಸಣೆಯವರು ಬೇಕು, ಹೋಗಲು ಇಚ್ಛೆ ಇದ್ದವರು ಶುಕ್ರವಾರ ಸಂಜೆಯೊಳಗೆ ಮೇಲ್ ಮೂಲಕ ಅರ್ಜಿ ಕಳಿಸಬೇಕು, ಸೋಮವಾರ ಹೆಸರು ತಿಳಿಸಲಾಗುವುದು ಎಂದು ನೋಟಿಸು ಬಂತು. ಕೆಳಗೆ ದಪ್ಪಕ್ಷರದಲ್ಲಿ, ಈ ಬಗ್ಗೆ ಯಾರೂ ಫೋನ್ ಮಾಡಬಾರದು ಎಂದಿತ್ತು. ನವನಗರದಲ್ಲಿ ಮಹಾದೇವಿಯ ಅಕ್ಕನ ಮನೆ. ಇಂಥ ಜಾಗ ಮತ್ತೆ ಯಾವಾಗ ಖಾಲಿಯಾಗುತ್ತದೋ.

ಮಂಗಳವಾರ ಊಟದ ಬಿಡುವಿನಲ್ಲಿ ಅವಳು ನನ್ನ ಟೇಬಲ್ಲಿನ ಮುಂದೆ ಬಂದು ಕೂತಳು.

"ಬರೀರಿ ಅಣ್ಣಾರ, ನಾ ಹೇಳ್ತೇನಿ. ದೊಡ್ಡ ಸಾಹೇಬ್ರಿಗೆ ಮಹಾದೇವಿ ಮಾಡುವ ನಮಸ್ಕಾರ. ನಿಮ್ಮ ಮನಿ ಮಂದಿ ಎಲ್ಲಾ ಆರಾಮ ಅದೀರಿ ಅಂತ ತಿಳಿದೇನಿ. ನಾ ಹನ್ನೊಂದ ವರ್ಷದಿಂದ ಇಲ್ಲೆ ದುಡ್ಯಾಕತ್ತೇನಿ. ಒಂದ ದಿನಾ ತಡಾ ಮಾಡಿಲ್ಲ..."

ಅವಳು ಹೇಳುತ್ತ ಹೋದಳು, ನಾನು ಹೊಡೆಯುತ್ತ ಹೋದೆ. ಒಂದು ಪುಟ ತುಂಬಿತು. ಅತ್ತೆಯ ಮಂಡಿನೋವು ಬಂತು, ಗಂಡನ ಮಗ್ಗದ ಕೆಲಸ ಬಂತು. ಬಾಗಲಕೋಟೆ ಇನ್ನೂ ಬಂದಿರಲಿಲ್ಲ. ನನ್ನ ಕೈ ನಿಂತಿತು. ಜೋಶಿ ಮಾಸ್ತರರು ನನ್ನ ಎದುರು ಹಿಡಿದ ಆ ಎರಡು ಪುಟ ಕಣ್ಣ ಮುಂದೆ ಬಂದವು.

"ಮಹಾದೇವಿ, ನಿನಗ ಬೇಕಾದದ್ದು ಎಲ್ಲೈತಿ ಇದರಾಗ?"

"ಅದು ಕೊನಿಗೆ ಬರ್ತೈತ್ರಿ. ಬಂದ ಕೂಡ್ಲೆ ಬೇಡಾಕ ಹೆಂಗಾಕೈತಿ, ನೀವ ಹೇಳ್ರಿ."

"ಕೂಸಿನ ಸುದ್ದಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಕೂಸಿನ ಕಿವಿ ಸುದ್ದಿ ಬ್ಯಾಡ್ರಿ ಅಣ್ಣಾರ. ಕಾಗದದಾಗ ಬಿದ್ರ ನಾಕು ಮಂದಿ ಓದ್ತಾರ. ನಾಳೆ ಯಾರರೆ ಆಕಿಗೆ ಹೆಸರಿಟ್ಟರ ನನ್ನ ಕೈಲೆ ಕೇಳಾಕ ಆಗೂದಿಲ್ಲ."

ನನಗೂ ಹೆಣ್ಣುಮಗಳಿದ್ದಾಳೆ, ಅವಳ ಅಂಜಿಕೆ ಅರ್ಥವಾಗುತ್ತಿತ್ತು. ಆದರೂ ಹೇಳಿದೆ. "ಖರೆ ಕಾರಣ ಬಿಟ್ಟು ಉಳಿದದ್ದ ಎಷ್ಟ್ ಬರದ್ರೂ ಅವರಿಗೆ ನೀ ಯಾಕ ಹೋಗ್ತಿ ಅನ್ನೂದ ತಿಳಿಯಂಗಿಲ್ಲವ್ವ. ಸಾಹೇಬ್ರ ಒಬ್ಬರ ಓದೂಹಂಗ ಕಳಸ್ತೇನಿ. ಯಾರಿಗೂ ಫೋನಿನಾಗೂ ಹೇಳೂದಿಲ್ಲ."

ಒಂದು ಪುಟ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ‘ಬಾಗಲಕೋಟೆ ಯಾರ್ಡಿನ ತಪಾಸಣೆ ಕೆಲಸಕ್ಕೆ ನನ್ನನ್ನು ವರ್ಗ ಮಾಡಬೇಕೆಂದು ಕೋರುತ್ತೇನೆ. ನನ್ನ ನಾಲ್ಕು ವರ್ಷದ ಮಗಳಿಗೆ ಕಿವಿ ಕೇಳುವುದಿಲ್ಲ. ಯಂತ್ರ ಹಾಕಿಸಿದ್ದು, ಮಾತು ಕಲಿಸುವ ತರಬೇತಿಗೆ ವಾರಕ್ಕೆ ಮೂರು ದಿನ ಬಾಗಲಕೋಟೆಗೆ ಕರೆದೊಯ್ಯಬೇಕಾಗಿದೆ. ಇಳಕಲ್ಲಿನಿಂದ ಒಂದೇ ದಿನ ಸಾಧ್ಯವಾಗುತ್ತಿದೆ. ಅಲ್ಲಿಗೆ ಬಂದರೆ ಕೆಲಸಕ್ಕೆ ಅಡ್ಡಿಯಾಗದಂತೆ ಸಂಜೆಯ ತರಗತಿಗೆ ಕರೆದೊಯ್ಯುತ್ತೇನೆ.’

ಮೂರು ಸಲ ಓದಿಸಿಕೊಂಡಳು. "ಇಷ್ಟ ಐತೇನ್ರಿ ನನ್ನ ಸುದ್ದಿ?" ಎಂದಳು. ಕಣ್ಣು ಒರೆಸಿಕೊಂಡು, "ಕಳಸ್ರಿ" ಎಂದಳು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಪತ್ರ ನಾನು ಬರೆದಿರಲಿಲ್ಲ. ಆ ಹೆಮ್ಮೆಯಲ್ಲೇ ಮೇಲೆ ಖಾಲಿ ಸಾಲಿಗೆ ಹೋಗಿ ಬೀರಪ್ಪನ ಹೆಸರನ್ನು ಎಂದಿಗಿಂತ ಹೆಚ್ಚು ಭಕ್ತಿಯಿಂದ ಹೊಡೆದು ಕಳಿಸಿದೆ.

ಬುಧವಾರ ಬಂದು ಕೇಳಿದಳು, "ಉತ್ತರಾ ಬಂತೇನ್ರಿ ಅಣ್ಣಾರ?" ಗುರುವಾರವೂ ಕೇಳಿದಳು. ಶುಕ್ರವಾರ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋದಳು, ಕೇಳಲಿಲ್ಲ. ದೊಡ್ಡವರಿಗೆ ಬಿಡುವಿರುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಶನಿವಾರ ಗೊತ್ತಾಯಿತು, ಅದೇ ಜಾಗಕ್ಕೆ ತಮ್ಮ ಮೊಬೈಲಿನಿಂದ ಅರ್ಜಿ ಹಾಕಿದ್ದ ಇನ್ನಿಬ್ಬರಿಗೆ ‘ನಿಮ್ಮ ಅರ್ಜಿ ತಲುಪಿದೆ’ ಎಂದು ಉತ್ತರ ಬಂದು ಎರಡು ದಿನವಾಗಿತ್ತು. ವಿಚಾರಿಸೋಣವೆಂದರೆ ಆ ದಿನ ಹುಬ್ಬಳ್ಳಿಯ ಆಫೀಸಿಗೆ ರಜೆ. ಭಾನುವಾರ ಮಹಾದೇವಿ ಮಗುವನ್ನು ಎತ್ತಿಕೊಂಡು ಬಾಗಲಕೋಟೆಯ ಬಸ್ಸು ಹತ್ತುವುದನ್ನು ದೂರದಿಂದ ಕಂಡು, ನಾನು ಎದುರಾಗದಂತೆ ಬೇರೆ ಓಣಿ ಹಿಡಿದೆ. ಸುಳ್ಳು ಯಾಕೆ, ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ದಪ್ಪಕ್ಷರದ ನೋಟಿಸನ್ನು ಬದಿಗಿಟ್ಟು ಫೋನ್ ಮಾಡಿದೆ. ಮಹಾದೇವಿ ಟೇಬಲ್ಲಿನ ಅಂಚು ಹಿಡಿದು ನಿಂತಿದ್ದಳು. ಹುಬ್ಬಳ್ಳಿಯಲ್ಲಿ ಸಾಹೇಬರಿಗೆ ಬರುವ ಮೇಲ್ ನೋಡುವ ಅನುಪಮಾ ಎಂಬ ಹುಡುಗಿ ಎತ್ತಿದಳು.

"ಇಳಕಲ್ಲಿನಿಂದ ಮಾಳಪ್ಪ ಮಾತಾಡೂದವ್ವ. ಮಂಗಳವಾರ ಒಂದ ಅರ್ಜಿ ಕಳಿಸಿದ್ವಿ, ಮುಟ್ಟೈತೇನು?"

"ಇಲ್ಲಲ್ರಿ ಸರ್. ನಿಮ್ಮ ಕಡಿಂದ ಅರ್ಜಿ ಯಾವೂ ಬಂದಿಲ್ಲ. ನಿಮ್ಮಿಂದ ದಿನಾ ಬೀರಲಿಂಗೇಶ್ವರಂದು ಬರ್ತದಲ್ರಿ, ಅದಷ್ಟಽ ಬರ್ತದ."

"ಅದಽ ಅರ್ಜಿ."



"ಸರ್, ನಾ ಅದನ್ನ ದೇವರ ಮೆಸೇಜ್ ಅಂತ ತಿಳಕೊಂಡಿದ್ದೆನ್ರಿ. ಮುಂಜಾನೆದ್ದು ಶುಭೋದಯ ಅಂತ ಹೂವಿಂದು ಕಳಸ್ತಾರಲ್ರಿ, ಹಂಗ. ಮೊದಲನೇ ವಾರದಿಂದನೂ ನಾ ತೆಗದಽ ನೋಡಿಲ್ರಿ."

ಮೂರು ತಿಂಗಳ ನನ್ನ ಕ್ರಮಬದ್ಧ ಪತ್ರಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದು ಹೋದವು. ಅವು ಹೋದರೆ ಹೋಗಲಿ. "ಅಳಿಸಿಬಿಟ್ಟಿಯೇನವ್ವಾ?" ಎಂದು ಕೇಳಿದೆ.

"ಹೂವಿನವು ಎಲ್ಲಾ ದಿನಾ ಅಳಸ್ತೇನ್ರಿ. ದೇವರ ಹೆಸರು ಹೆಂಗ ಅಳಸೋದ್ರಿ ಸರ್? ನಮ್ಮ ಅಜ್ಜಿ ಲಗ್ನಪತ್ರಿಕಿ ಸೈತ ಕಸದಾಗ ಹಾಕಗೊಡೂದಿಲ್ಲ, ಮ್ಯಾಲೆ ಗಣಪತಿ ಇರ್ತಾನ ಅಂತ. ಅದಕ್ಕ ನಿಮ್ಮವಕ್ಕ ಬ್ಯಾರೆ ಫೋಲ್ಡರ್ ಮಾಡೇನ್ರಿ. ‘ದೇವರು’ ಅಂತ ಹೆಸರಿಟ್ಟೇನಿ. ಬಂದ ಕೂಡ್ಲೆ ತಾವಽ ಅಲ್ಲಿ ಹೋಗಿ ಕೂಡೂಹಂಗ ಮಾಡೇನಿ. ತಡೀರಿ, ನೋಡ್ತೇನಿ."

ಕೀಲಿಗಳ ಟಕಟಕ ಕೇಳಿಸಿತು. ಪಾಲಿಶ್ ಮಷಿನ್ನಿನ ಸದ್ದಿನಲ್ಲೂ ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಸಿಕ್ತ್ರಿ ಸರ್. ಮಂಗಳವಾರ, ಮಧ್ಯಾಹ್ನ ಒಂದೂವರಿ. ತಾರೀಕು ಟೈಮು ಎಲ್ಲಾ ಅದ." ಆಮೇಲೆ ಓದುತ್ತಿದ್ದಳೆಂದು ಕಾಣುತ್ತದೆ, ದನಿ ತಗ್ಗಿತು. "ಸಾಹೇಬ್ರು ಇನ್ನಽ ಹೆಸರು ಬರದಿಲ್ರಿ. ಪ್ರಿಂಟ್ ತಗದು ಈಗಽ ಒಯ್ತೇನಿ. ತಪ್ಪು ನನ್ನದು ಅಂತ ಹೇಳ್ತೇನ್ರಿ."

ತಪ್ಪು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಫೋನ್ ಇಟ್ಟು ಮಹಾದೇವಿಗೆ ಎಲ್ಲವನ್ನೂ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕುರ್ಚಿಯಲ್ಲಿ ಕೂತು ನೀರು ಕುಡಿದು, "ಇಷ್ಟ ದಿನಾ ಬೀರಪ್ಪನ ಕೂಡ ಕುಂತಿತ್ತೇನ್ರಿ ನನ್ನ ಅರ್ಜಿ?" ಎಂದಳಷ್ಟೇ.

ಮಧ್ಯಾಹ್ನದ ರೊಟ್ಟಿ ಇಬ್ಬರಿಗೂ ಸೇರಲಿಲ್ಲ. ಮೂರು ಗಂಟೆಗೆ ಮೇಲ್ ಬಂತು. ತೆರೆಯಬೇಕಾದ ಅಗತ್ಯವೇ ಇರಲಿಲ್ಲ. ವಿಷಯದ ಸಾಲಿನಲ್ಲೇ ‘ಮಹಾದೇವಿ: ಬಾಗಲಕೋಟೆ ಯಾರ್ಡಿಗೆ ವರ್ಗ ಮಂಜೂರು’ ಎಂದಿತ್ತು. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತೇವಲ್ಲ, ನನ್ನದು ನಮ್ಮ ಯಾರ್ಡಿನಲ್ಲಿ ಕ್ರೇನಿನಿಂದ ಎತ್ತುವಂಥ ಕಲ್ಲಾಗಿತ್ತು. ಮಹಾದೇವಿ ಪರದೆಯ ಮೇಲಿನ ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ನನ್ನನ್ನೂ ನೋಡದೆ ಯಾರ್ಡಿಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಕಲ್ಲಿನ ಮೇಲೆ ನೀರು ಸುರಿದಳು. ಎಷ್ಟು ಹೊತ್ತಾದರೂ ಆ ಕಲ್ಲಿನ ಮುಂದಿನಿಂದ ಕದಲಲಿಲ್ಲ. ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ಹಿಂದೆಯೇ ಸಾಹೇಬರಿಂದ ನನಗೂ ಒಂದು ಮೇಲ್ ಬಂತು: ‘ಇನ್ನು ಮುಂದೆ ವಿಷಯದ ಜಾಗದಲ್ಲಿ ವಿಷಯ ಬರೆಯತಕ್ಕದ್ದು.’ ಒಂದೇ ಸಾಲು. ಜೋಶಿ ಮಾಸ್ತರರು ಓದಿದ್ದರೆ ಮೆಚ್ಚುತ್ತಿದ್ದರು.

ನನಗೆ ಉಳಿದ ಚಿಂತೆ ಬೇರೆ. ಬೀರಪ್ಪನನ್ನು ಮೊದಲನೇ ಸಾಲಿನಿಂದ ಇಳಿಸುವುದು ಹೇಗೆ? ಅಪ್ಪ ಈಗ ಇಳಕಲ್ಲಿನಲ್ಲೇ ನಮ್ಮ ಜೊತೆಗಿದ್ದಾರೆ. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯ ಅರ್ಧ ಜನಕ್ಕೆ ಸಲಹೆ ಕೊಡುವುದು ಅವರ ಉದ್ಯೋಗ. ನಡೆದುದೆಲ್ಲವನ್ನೂ ಹೇಳಿ, ಹೆಸರನ್ನು ಕೆಳಗೆ ತಂದರೆ ತಪ್ಪಾದೀತೇ ಎಂದು ಅಂಜುತ್ತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಬೀರಪ್ಪಗ ಮೊದಲನೇ ಸಾಲ ಬೇಕಂತ ನಿನಗ್ಯಾರ ಹೇಳ್ಯಾರಲೇ?"

"ನೀವಽ ಮೊದಲ ಬರೀತಿದ್ರೆಲ್ಲ."

"ನನಗ ಬರ್ತಿದ್ದದ್ದ ಅದೊಂದ ಸಾಲು. ತಮ್ಮಗ ಹೋಗೂ ಕಾಗದದಾಗ ನನ್ನ ಕೈದೂ ಒಂದೀಟು ಇರಲಿ ಅಂತ ಬರೀತಿದ್ನಿ. ನೀ ಮೊದಲ ಬರದಿದ್ರ ನನಗ ಜಾಗಾ ಎಲ್ಲಿ ಉಳೀತಿತ್ತು? ನಾಯಿ ಕಾಲ ತನಾ ಬರದ ಹಾಳಿ ತುಂಬಸ್ತಿದ್ದಿ."

ನಾನು ಅವರ ಪಕ್ಕದಲ್ಲಿ ಕೂತೆ. ನಲವತ್ತು ವರ್ಷ ನಾನು ನಿಯಮವೆಂದು ತಿಳಿದದ್ದು ಅಪ್ಪ ತಮ್ಮನಿಗಾಗಿ ಹಾಕುತ್ತಿದ್ದ ರುಜುವಾಗಿತ್ತು. ಮರುದಿನದಿಂದ ಬೀರಪ್ಪ ನನ್ನ ಮೇಲ್‌ಗಳಲ್ಲಿ ಒಂದು ಸಾಲು ಕೆಳಗಿಳಿದು ಪತ್ರದೊಳಗೆ ಕೂತಿದ್ದಾನೆ. ಮೇಲೆ ವಿಷಯ ಇರುತ್ತದೆ. ಅನುಪಮಾ ಈಗ ಎಲ್ಲವನ್ನೂ ತೆರೆದು ಓದುತ್ತಾಳೆ, ಓದಿ ನನ್ನ ತಪ್ಪುಗಳನ್ನೂ ಹೇಳುತ್ತಾಳೆ. ಮೊದಲೇ ಚೆನ್ನಾಗಿತ್ತೇನೋ ಎಂದು ಒಮ್ಮೊಮ್ಮೆ ಅನಿಸುವುದುಂಟು.

ಬಾಗಲಕೋಟೆಗೆ ಹೊರಡುವ ಮುನ್ನ ಮಹಾದೇವಿ ತನ್ನ ಮೊಬೈಲು ಹಿಡಿದುಕೊಂಡು ಬಂದಳು. "ಮೇಲ್ ಕಳಸೂದ ನನಗೂ ಕಲಸ್ರಿ ಅಣ್ಣಾರ. ಇನ್ನ ನಿಮ್ಮ ಕೈಯಾಗ ಕೊಡೂದಿಲ್ಲ" ಎಂದಳು. ಅವಳಿಗೆ ಹಾಗೆ ಅನ್ನಲು ಪೂರ್ತಿ ಹಕ್ಕಿತ್ತು. ವಿಳಾಸದ ಸಾಲು ಯಾವುದು, ವಿಷಯದ ಸಾಲು ಯಾವುದು ಎಂದು ತೋರಿಸಿದೆ. ಏನು ಹೇಳಬೇಕೋ ಅದನ್ನು ವಿಷಯದ ಸಾಲಿನಲ್ಲೇ ಹೇಳಿಬಿಡು, ಓದುವವರು ಒಳಗೆ ಬರದಿದ್ದರೂ ಸುದ್ದಿ ಮುಟ್ಟಬೇಕು ಎಂದು, ಪೆಟ್ಟು ತಿಂದು ಕಲಿತದ್ದನ್ನು ಅವಳಿಗೆ ಒಪ್ಪಿಸಿದೆ. ಮೊದಲ ಮೇಲ್ ನಿಮಗೇ ಕಳಿಸುತ್ತೇನೆ ಎಂದು ಹೇಳಿ ಹೋದಳು.

ತಿಂಗಳುಗಳು ಕಳೆದವು, ಮೇಲ್ ಬರಲಿಲ್ಲ. ಬಾಗಲಕೋಟೆಗೆ ಕಲ್ಲು ಒಯ್ಯುವ ಲಾರಿಯವರು ಅವಳು ಆರಾಮಾಗಿದ್ದಾಳೆಂದೂ ಸಂಜೆ ಆದೊಡನೆ ಕೂಸನ್ನು ಕರೆದುಕೊಂಡು ಓಡುತ್ತಾಳೆಂದೂ ಹೇಳುತ್ತಿದ್ದರು. ಕಲಿಸಿದ್ದನ್ನು ಮರೆತಿರಬೇಕು ಎಂದುಕೊಂಡೆ. ಕೂಸಿನ ಮಾತಿನ ಬಗ್ಗೆ ನಾನಾಗಿ ಕೇಳಲು ಅಳುಕು.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರು ತೆರೆದಾಗ ಮಷಿನ್ನಿನ ಬಿಡಿಭಾಗದ ಮೇಲ್‌ಗಳ ನಡುವೆ ಅವಳ ಹೆಸರಿತ್ತು. ವಿಷಯದ ಸಾಲಿನಲ್ಲಿ ಹೀಗಿತ್ತು:

‘ಭೂಮಿಕಾ ಇವತ್ತ ನನಗ ಅವ್ವಾ ಅಂದಳು’

ತೆರೆದೆ. ಒಳಗೆ ಏನೂ ಇರಲಿಲ್ಲ. ನೆಟ್ಟು ನಿಧಾನವಿರಬೇಕೆಂದು ಸ್ವಲ್ಪ ಕಾದೆ, ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದೆ. ಆಗಲೂ ಏನೂ ಇರಲಿಲ್ಲ. ಬರೆಯಲು ಅವಳಿಗೆ ಅದೊಂದೇ ಇತ್ತು.

ಎದ್ದು ಹೋಗಿ ಮಷಿನ್ನು ನಿಲ್ಲಿಸಿ ಎಲ್ಲರನ್ನೂ ಒಳಗೆ ಕರೆದೆ. ದೂಳಿನ ಕೈ ಒರೆಸಿಕೊಳ್ಳುತ್ತ ಬಂದು ಟೇಬಲ್ಲಿನ ಸುತ್ತ ನಿಂತರು. ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದೆ. ಹಿಂದೆ ನಿಂತವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಓದಲು ಹೇಳಿದರು. ನಾನು ಕುರ್ಚಿ ಸರಿಸಿ ಜಾಗ ಬಿಟ್ಟೆ. ಪಕ್ಕದಲ್ಲಿದ್ದವರು ಬಗ್ಗಿ ನೋಡಿ ಓದಿದರು.